ನನ್ನ ಬೇಸಿನ ಬ್ರಿಡ್ಜನ್ನು ಕೂರಿಗೆ ಮಾಡಿದ್ದು

ಕಿವಿ ಕಚ್ಚಾ ಎಂದು ಆರು ಜನರ ಮುಂದೆ ಹೇಳಿಸಿಕೊಂಡು ನೋಡಿ, ಆಗ ಗೊತ್ತಾಗುತ್ತದೆ. ಕಳ್ಳಿ ಎಂದರೆ ಜಗಳಾಡಬಹುದು, ಸಾಕ್ಷಿ ಕೇಳಬಹುದು. ಕಿವಿಯ ವಿಷಯದಲ್ಲಿ ಏನು ಸಾಕ್ಷಿ ಕೊಡುವುದು? ನನ್ನ ಸಿಟ್ಟು ಶುರುವಾದದ್ದು ಒಂದು ರವಿವಾರ ಮುಂಜಾನೆ. ಅದು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಒಂದು ಬಟ್ಟೆ ಅಂಗಡಿಯ ಮೇಲೆ ನಮ್ಮ ಆರ್ಕೆಸ್ಟ್ರಾದ ತಾಲೀಮು ನಡೆಯುತ್ತದೆ. ಏಳು ಜನ ಇದ್ದೇವೆ. ಮದುವೆ, ಗಣಪತಿ, ಜಯಂತಿ, ಯಾರು ಕರೆದರೂ ಹೋಗಿ ನುಡಿಸುತ್ತೇವೆ. ತಂಡದ ಹಿರಿಯರು ಕೀಬೋರ್ಡ್ ನುಡಿಸುತ್ತಾರೆ, ಅವರನ್ನು ಎಲ್ಲರೂ ಮಾಸ್ತರ ಎನ್ನುತ್ತೇವೆ. ನಿಜಕ್ಕೂ ಸಾಲೆಯಲ್ಲಿ ಕಲಿಸುವವಳು ನಾನು, ಸಾರವಾಡದಲ್ಲಿ. ಹಾಗಾಗಿ ತಂಡದವರಿಗೆಲ್ಲ ನಾನು ಅಕ್ಕೋರು. ನಾನು ನುಡಿಸುವುದು ಬೇಸ್ ಗಿಟಾರು, ನಾಲ್ಕು ದಪ್ಪ ತಂತಿಗಳದ್ದು. ಅದು ಹಾಡಿನ ತಳದಲ್ಲಿರುವ ದನಿ. ಸರಿಯಿದ್ದಾಗ ಯಾರೂ ಅದನ್ನು ಗಮನಿಸುವುದಿಲ್ಲ, ತಪ್ಪಿದಾಗ ಊಟಕ್ಕೆ ಕೂತವರೂ ತಲೆ ಎತ್ತುತ್ತಾರೆ.

ಆ ರವಿವಾರ ಮಾಸ್ತರರು ಹಾಡನ್ನು ನಡುವೆಯೇ ನಿಲ್ಲಿಸಿ ಎದ್ದು ಬಂದರು. ಕೈಯಲ್ಲಿ ಶ್ರುತಿ ತೋರಿಸುವ ಕ್ಲಿಪ್ಪು. ಅದನ್ನು ನನ್ನ ಬೇಸಿನ ತಲೆಗೆ ಸಿಕ್ಕಿಸಿ, “ದಪ್ಪ ತಂತಿ ಎಲ್ಲೂ ಒತ್ತದ ಬರೇ ಮೀಟ್ರಿ” ಎಂದರು. ಮೀಟಿದೆ. ಕ್ಲಿಪ್ಪಿನ ಮುಳ್ಳು ನಡುಗೆರೆಗೆ ಬರದೆ ಎಡಕ್ಕೇ ನಿಂತಿತು. ತಂತಿ ಇಳಿದಿದೆ ಎಂದು ಅರ್ಥ. ಅವರು ಆ ಕ್ಲಿಪ್ಪನ್ನು ತಬಲಾದವರಿಗೂ ಹಾಡುವವರಿಗೂ ಕಾಣುವಂತೆ ತಿರುಗಿಸಿದರು.

“ನೋಡ್ರಿ. ತಂತಿ ಹಚ್ಚೂದ ಗೊತ್ತಾಗವಲ್ದು ನಿಮಗ. ಕಿವಿ ಕಚ್ಚಾ ಐತ್ರಿ ಅಕ್ಕೋರ. ಸಿಟ್ಟಾಗಬ್ಯಾಡ್ರಿ, ಇದ್ದದ್ದು ಹೇಳಾಕತ್ತೇನಿ.”

ಸಿಟ್ಟಾಗಬೇಡಿ ಎನ್ನುವವರು ಸಿಟ್ಟು ಬರುವ ಮಾತನ್ನು ಆಡಿ ಮುಗಿಸಿರುತ್ತಾರೆ. ಅವರೇ ಬಿರಡೆ ತಿರುಗಿಸಿ ಮುಳ್ಳನ್ನು ನಡುಗೆರೆಗೆ ತಂದರು. ಹಾಡು ಮತ್ತೆ ಶುರುವಾಯಿತು. ಚರಣದಲ್ಲಿ ನನ್ನ ಬೆರಳು ಬೇಸಿನ ಹೊಟ್ಟೆಯ ಕಡೆಗೆ, ತಂತಿ ಒತ್ತಿ ಹಿಡಿಯುವ ಮೇಲಿನ ಮನೆಗಳಿಗೆ ಸರಿಯುತ್ತಿದ್ದಂತೆ ಸುರ ಏರಿ ಏರಿ ಬಾನ್ಸುರಿಯ ಜೊತೆ ಜಗಳಕ್ಕೆ ಬಿತ್ತು. ಮಾಸ್ತರರು ಮತ್ತೆ ಕೈ ಎತ್ತಿದರು.

“ಈಗ ತಂತಿ ಸರಿ ಐತಿ. ಅಂದ ಮ್ಯಾಲೆ ತಪ್ಪು ಯಾರದು? ಬೆರಳಿಂದು. ಮುಂದಿನ ತಿಂಗಳ ಬಬಲೇಶ್ವರದಾಗ ಮದುವಿ ಐತಿ. ಅಷ್ಟರೊಳಗ ಸುರ ಕೂತ್ರ ಛಲೋ. ಇಲ್ಲಾಂದ್ರ ಬೇಸ್ ನಾನ ಎಡಗೈಲೆ ಕೀಬೋರ್ಡಿನ್ಯಾಗ ಹಿಡೀತೇನಿ. ನೀವು ಮತ್ತ ಕೋರಸ್ಸಿಗೆ ನಿಂದರ್ರಿ.”

“ಸಾರಿ ಮಾಸ್ತರ,” ಎಂದೆ. ನಾಲ್ಕು ವರ್ಷಗಳಿಂದ ಪ್ರತಿ ತಾಲೀಮಿನಲ್ಲೂ ಅನ್ನುತ್ತಿದ್ದ ಮಾತು. ಬಾಯಿಗೆ ರೂಢಿಯಾಗಿಬಿಟ್ಟಿತ್ತು.

ಕೋರಸ್ಸು ಎಂದರೆ ಏನೆಂದು ಹೇಳುತ್ತೇನೆ. ಮೂವರು ಹೆಂಗಸರು ಒಂದೇ ಬಣ್ಣದ ಸೀರೆ ಉಟ್ಟು, ಒಂದೇ ಮೈಕಿನ ಮುಂದೆ ನಿಂತು, ಪಲ್ಲವಿಯ ಕೊನೆಗೆ ಆ ಆ ಎನ್ನುವುದು. ಉಳಿದ ಹೊತ್ತು ಚಪ್ಪಾಳೆ ತಟ್ಟುತ್ತ ನಗುವುದು. ನಾನು ಐದು ವರ್ಷ ನಕ್ಕಿದ್ದೇನೆ. ದವಡೆ ನೋಯುತ್ತಿತ್ತು. ಆಗಿನ ಬೇಸಿನವರು ಸೊಲ್ಲಾಪುರಕ್ಕೆ ಹೋಗುವಾಗ ತಮ್ಮ ಗಿಟಾರು ಮಾರಲು ತೆಗೆದರು. ಅವರು ಒಳಗೆ ಚಹಾ ಕುಡಿಯುವಾಗ ನಾನು ಸುಮ್ಮನೆ ಕೈಗೆತ್ತಿಕೊಂಡು ದಪ್ಪ ತಂತಿ ಮೀಟಿದೆ. ಎದೆಯ ಎಲುಬಿಗೆ ಕೇಳಿಸಿತು. ಅವತ್ತೇ ಕೊಂಡುಕೊಂಡೆ. ಬದನೆಕಾಯಿ ಬಣ್ಣದ್ದು. ನಲವತ್ತರ ಹತ್ತಿರದ ಅಕ್ಕೋರು ಬೇಸ್ ಕಲಿಯುತ್ತಾಳಂತೆ ಎಂದು ಓಣಿಯವರು ಆಡಿಕೊಂಡರು, ಆಡಿಕೊಳ್ಳಲಿ ಎಂದು ಕಲಿತೆ. ಆ ಗಿಟಾರಿನ ಹಿಂದೆ ನಿಂತಾಗ ಯಾರೂ ನನ್ನ ಸೀರೆಯ ಬಣ್ಣ ಕೇಳುವುದಿಲ್ಲ, ನಗು ಎನ್ನುವುದಿಲ್ಲ. ಅದನ್ನು ಬಿಟ್ಟು ಮತ್ತೆ ಚಪ್ಪಾಳೆಗೆ ಹೋಗು ಎಂದರೆ ನಾನು ತಂಡವನ್ನೇ ಬಿಡುತ್ತಿದ್ದೆ. ಬಿಟ್ಟಮೇಲೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮನೆಗೆ ಮರಳುವ ತಿಕೋಟಾದ ಬಸ್ಸಿನಲ್ಲಿ ಬೇಸನ್ನು ತೊಡೆಗಳ ನಡುವೆ ನಿಲ್ಲಿಸಿಕೊಂಡು ಕೂತೆ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ತಂತಿ ಇಳಿದಿದ್ದು ನನಗೆ ಗೊತ್ತಿತ್ತು. ನಾನೇ ಇಳಿಸಿದ್ದೆ. ಬರೇ ತಂತಿ ಸರಿಯಾಗಿದ್ದರೆ ಮೇಲಿನ ಮನೆಗಳಲ್ಲಿ ಸುರ ಕರ್ಕಶವಾಗಿ ಏರುತ್ತಿತ್ತು, ಕಿವಿ ತಡೆಯುತ್ತಿರಲಿಲ್ಲ. ಅದಕ್ಕೇ ಬರೇ ತಂತಿಯನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟರೆ ಅಲ್ಲೂ ಇಲ್ಲೂ ಹೇಗೋ ಹೊಂದುತ್ತಿತ್ತು. ಕೆಳಗೆ ಸ್ವಲ್ಪ ಸುಳ್ಳು, ಮೇಲೆ ಸ್ವಲ್ಪ ಸುಳ್ಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ, ಬೇಸಿನವರೆಲ್ಲ ಹಾಗೆ ಮಾಡುತ್ತಾರಾ ಎಂದು ಕೇಳುತ್ತಿದ್ದರು. ಮಾಡುವುದಿಲ್ಲ ಎಂದು ನನಗೂ ಅನುಮಾನವಿತ್ತು.

ಮರುವಾರ ಶನಿವಾರ ಮುಂಜಾನೆಯ ಸಾಲೆ ಮುಗಿಸಿ ಸಾರವಾಡದಿಂದ ನೇರ ವಿಜಯಪುರಕ್ಕೆ ಹೋದೆ. ಸೊಲ್ಲಾಪುರ ರಸ್ತೆಯಲ್ಲಿ ಟೈರಿನ ಅಂಗಡಿಗಳ ನಡುವೆ ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಕಾಕಾ ಇದ್ದಾರೆ. ಗಿಟಾರು ಅವರ ಕಸುಬಲ್ಲ. ಆದರೆ ಹಿತ್ತಾಳೆಯ ಸ್ವರಪಟ್ಟಿ ಕೆರೆದು ಕೆರೆದು ಸುರಕ್ಕೆ ತರುವ ಕಿವಿ ಅವರದು. ನನಗೆ ಬೇಕಾಗಿದ್ದು ಅಷ್ಟೇ. ಕಿವಿ ಕಚ್ಚಾ ಹೌದೋ ಅಲ್ಲವೋ ಎಂದು ಕಿವಿ ಇದ್ದವರ ಬಾಯಲ್ಲಿ ಕೇಳಬೇಕಿತ್ತು.

ಕಾಕಾ ಕ್ಲಿಪ್ಪು ತೆಗೆಯಲಿಲ್ಲ. ದಪ್ಪ ತಂತಿಯನ್ನು ಬರೇ ಮೀಟಿದರು. ಆಮೇಲೆ ಸರಿಯಾಗಿ ನಡುವಿನ ಮನೆ, ಹನ್ನೆರಡನೆಯದು, ಒತ್ತಿ ಮೀಟಿದರು. ಎರಡರಲ್ಲೂ ಒಂದೇ ಸುರ ಬರಬೇಕು, ಒಂದು ಕೆಳಗಿನ ಸಪ್ತಕದ್ದು, ಒಂದು ಮೇಲಿನದ್ದು. ಬರಲಿಲ್ಲ. ಅವರು ಬೇಸನ್ನು ತೊಡೆಯ ಮೇಲೆ ಮಲಗಿಸಿ, ಕನ್ನಡಕ ಏರಿಸಿ, ತಂತಿಗಳ ಬಾಲ ಸಿಕ್ಕಿಸಿದ ತಗಡಿನ ಬ್ರಿಡ್ಜನ್ನು ನೋಡಿದರು. ಅದರ ಮೇಲೆ ನಾಲ್ಕು ಪುಟ್ಟ ಕಬ್ಬಿಣದ ತುಂಡುಗಳಿರುತ್ತವೆ, ಸ್ಯಾಡಲ್ ಎನ್ನುತ್ತಾರೆ. ಒಂದೊಂದು ತಂತಿ ಒಂದೊಂದರ ಮೇಲೆ ಕೂರುತ್ತದೆ. ಹಿಂದಿನ ಸ್ಕ್ರೂ ತಿರುಗಿಸಿದರೆ ಅವು ಹಿಂದೆ ಮುಂದೆ ಸರಿಯುತ್ತವೆ.

“ಇವನ್ನ ಹಿಂಗ ಸಾಲಾಗಿ ಯಾರು ನಿಲ್ಲಿಸ್ಯಾರು?” ಎಂದು ಕೇಳಿದರು ಕಾಕಾ.

“ಹಂಗ ಇದ್ದುರಿ,” ಎಂದೆ.

“ಹಂಗ ಇರಂಗಿಲ್ಲ ತಂಗಿ. ದಪ್ಪ ತಂತಿಗೆ ಜಾಗಾ ಹೆಚ್ಚು ಬೇಕು, ಅದರ ಗೊಂಬಿ ಹಿಂದ ಸರದಿರಬೇಕು. ಸಣ್ಣ ತಂತೀದು ಮುಂದ. ಹಾಸಗಿ ಇದ್ದಷ್ಟು ಕಾಲ ಚಾಚಂತಾರಲ್ಲ, ಎತ್ತರದಾಂವಗೂ ಕುಳ್ಳಗೂ ಒಂದ ಅಳತಿ ಹಾಸಗಿ ಹಾಕಿದ್ರ ಹೆಂಗ?” ಅವರು ಚಿಕ್ಕ ಕೀಲಿಯಿಂದ ಸ್ಕ್ರೂ ತಿರುಗಿಸಲು ನೋಡಿದರು. ಅಲುಗಲಿಲ್ಲ. ಉಗುರಿನಿಂದ ಕೆರೆದರು. ಹಳದಿ ಬಣ್ಣದ ಗಟ್ಟಿ ಅಂಟು ಚಕ್ಕೆ ಎದ್ದು ಬಂತು. “ಮ್ಯಾಲೆ ಅಂಟ ಹಾಕಿ ಗಟ್ಟಿ ಮಾಡ್ಯಾರ. ಸ್ಕ್ರೂ ಜಂಗ ಹಿಡದು ಒಂದ ಆಗ್ಯಾವು. ಈ ಬ್ರಿಡ್ಜ್ ಹೋತು. ಹೊಸಾದ ಹಾಕಬೇಕು.”

ಮಾಸ್ತರರು ಅಂದ ಮಾತನ್ನೂ, ನಾನು ತಂತಿ ಸಡಿಲ ಬಿಡುತ್ತಿದ್ದ ಗುಟ್ಟನ್ನೂ ಹೇಳಿದೆ, ತಪ್ಪು ಒಪ್ಪಿಕೊಳ್ಳುವವಳ ಹಾಗೆ. ಕಾಕಾ ಕನ್ನಡಕದ ಮೇಲಿಂದ ನೋಡಿದರು.

“ಯಾರೂ ಹೇಳಿಕೊಡದ ಹಂಗ ಮಾಡ್ತಿದ್ದಿ? ಮತ್ತ ಕಿವಿ ಕಚ್ಚಾ ಅಂತ ಯಾವನಂದಾಂವ? ಕಬ್ಬಿಣ ತಪ್ಪಿತ್ತು ಯವ್ವಾ. ನಿನ್ನ ಕಿವಿ ಅದನ್ನ ಮುಚ್ಚಿಕೋತ ಬಂದೈತಿ.”

ಖುಷಿಯಾಗಬೇಕಿತ್ತು. ಆಗಲಿಲ್ಲ. ನಾಲ್ಕು ವರ್ಷ ನಸುಕಿನಲ್ಲಿ ಎದ್ದು, ಸಾಲೆಗೆ ಹೋಗುವ ಮುಂಚೆ ಬೆರಳ ತುದಿ ಸುಲಿಯುವವರೆಗೆ ನುಡಿಸಿದ್ದು ನೆನಪಾಯಿತು. ಕೊಂಡ ಹೊಸದರಲ್ಲಿ ಎರಡು ತಿಂಗಳು ಸುರ ಚೆನ್ನಾಗಿ ಕೂಡುತ್ತಿತ್ತು. ಮಾಸ್ತರರೇ ಹೊಗಳಿದ್ದರು. ದಸರೆ ಕಳೆದ ಮೇಲೆ ಕೈ ಕೆಟ್ಟಿತು. ದೃಷ್ಟಿಯಾಗಿದೆ ಎಂದು ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಮನೆಯೆಲ್ಲ ಘಾಟು, ಎಲ್ಲರೂ ಕೆಮ್ಮಿದೆವು. ಸಾಲೆಯಲ್ಲಿ ಕಲಿಸುವ ನಾನು ಆ ಘಾಟಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಇರಬಹುದು ಎಂದುಕೊಂಡಿದ್ದೆ. ಒಮ್ಮೆಯಾದರೂ ಬ್ರಿಡ್ಜಿನ ಕಡೆ ಕಣ್ಣು ಹಾಯಿಸಿರಲಿಲ್ಲ. ಅದು ತಂತಿ ಕಟ್ಟುವ ಗೂಟ ಎಂದು ತಿಳಿದಿದ್ದೆ.

ದಸರೆ ಕಳೆದ ಮೇಲೆ. ಕಾಕಾನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಾಗಲೇ ಆ ಹಳದಿ ಅಂಟು ಯಾರ ಡಬ್ಬಿಯದು ಎಂದು ಗೊತ್ತಾಯಿತು.

ನನ್ನ ಗಂಡ ತಿಕೋಟಾದಲ್ಲಿ ಕೂರಿಗೆ ಮಾಡುತ್ತಾರೆ. ಬಿತ್ತುವ ಕೂರಿಗೆ, ಟ್ರ್ಯಾಕ್ಟರಿಗೆ ಕಟ್ಟುವಂಥದು. ಬೀಜ ಇಳಿಯುವ ಕಬ್ಬಿಣದ ಕಾಲುಗಳಿಗೆ ತಾಳು ಎನ್ನುತ್ತಾರೆ. ಆ ತಾಳುಗಳು ದಾರ ಹಿಡಿದಂತೆ ಒಂದೇ ಸಾಲಿನಲ್ಲಿರಬೇಕು. ಒಂದು ಬೆರಳಷ್ಟು ಹಿಂದೆ ಮುಂದೆ ಆದರೂ ಇವರು ಬೆಸುಗೆ ಒಡೆದು ಮತ್ತೆ ಹಚ್ಚುತ್ತಾರೆ. ಬಬಲೇಶ್ವರದ ಕಡೆಯ ರೈತರೂ ಇವರನ್ನೇ ಹುಡುಕಿಕೊಂಡು ಬರುವುದು ಆ ಸಾಲಿಗೇ. ಖಂಡೇಪೂಜೆಯ ದಿನ, ಅಂದರೆ ದಸರೆಗೆ ಮುಂಚೆ ಹತಾರಗಳನ್ನೆಲ್ಲ ತೊಳೆದು ಪೂಜಿಸುವ ದಿನ, ಸುತ್ತಿಗೆ, ಇಕ್ಕಳ, ವೆಲ್ಡಿಂಗ್ ಮಶೀನಿನ ಜೊತೆ ನನ್ನ ಬೇಸನ್ನೂ ಅವರೇ ಇಡುತ್ತಿದ್ದರು. ನಿನ್ನ ಹತಾರ ಅಲ್ಲೇನು ಎನ್ನುತ್ತಿದ್ದರು. ಆ ಮಾತು ನನಗೆ ಎಷ್ಟು ಇಷ್ಟವಾಗುತ್ತಿತ್ತೆಂದರೆ, ಅವರು ಬೇಸನ್ನು ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಕುಂಕುಮ ಹಚ್ಚುವಾಗ ನಾನು ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತ ಹಾಯಾಗಿರುತ್ತಿದ್ದೆ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಪಕ್ಕದ ವರ್ಕ್‌ಶಾಪಿಗೆ ಹೋದೆ. ಅವರು ಒಂದು ಕೂರಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಾಲು ನೋಡುತ್ತಿದ್ದರು.

“ರೀ, ಬೇಸಿನ ಬ್ರಿಡ್ಜಿಗೆ ನೀವೇನ ಮಾಡೀರಿ?”

ಅವರು ತಲೆ ಎತ್ತಿದರು. ಮುಖದಲ್ಲಿ ಹೆದರಿಕೆ ಇರಲಿಲ್ಲ, ಸಂಕೋಚವಿರಲಿಲ್ಲ. ಹೊಗಳಿಕೆ ಬರುತ್ತದೆ ಎಂದು ಕಾಯುವ ಮುಖ.

“ಆ ನಾಕ ತಾಳು ಹಿಂದ ಮುಂದ ಇದ್ದುವಲ್ಲ, ಪೂಜಾದಾಗ ನೆಟ್ಟಗ ಮಾಡೀನಿ. ವರ್ಷಾ ಮಾಡ್ತೇನಿ. ನೀ ಬಾರಿಸಿ ಬಾರಿಸಿ ಮತ್ತ ಸೊಟ್ಟ ಆಗ್ತಿದ್ದು. ಅದಕ್ಕ ಈ ಸಲ ಅಂಟ ಹಾಕೀನಿ. ಇನ್ನ ಅಲಗಂಗಿಲ್ಲ ನೋಡು.”

ಇನ್ನು ಅಲುಗುವುದಿಲ್ಲ. ನಿಜ, ಕಾಕಾನ ಕೀಲಿಗೂ ಅಲುಗಿರಲಿಲ್ಲ.

ನಾನು ಆಡಿದ ಮಾತೆಲ್ಲ ಇಲ್ಲಿ ಬರೆಯುವುದಿಲ್ಲ. ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರಿನವನು ಬ್ರೇಕು ಹಾಕಿ ನೋಡಿದ ಎಂದರೆ ಸಾಕು. ಕೇಳದೆ ಯಾಕೆ ಮುಟ್ಟಿದಿರಿ ಎಂದೆ. ನಿಮ್ಮ ಕೂರಿಗೆಯ ತಾಳನ್ನು ನಾನು ಒಂದು ದಿನ ಚಂದ ಕಾಣಲಿ ಎಂದು ಹಿಂದೆ ಮುಂದೆ ಮಾಡಿಟ್ಟರೆ ಸುಮ್ಮನಿರುತ್ತೀರಾ ಎಂದೆ. ನಾಲ್ಕು ವರ್ಷ ತಾಲೀಮಿನಲ್ಲಿ ತಲೆ ತಗ್ಗಿಸಿದ್ದು ನನ್ನ ಬೆರಳಿಗಲ್ಲ, ನಿಮ್ಮ ಚಂದಕ್ಕೆ ಎಂದೆ. ಅವರು ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತರು. ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

“ಹೋಗ್ಲಿ ಬಿಡ ಬೇ. ಪ್ರೀತಿಲಿಂದ ಮಾಡ್ಯಾನ, ಕೆಡಸಬೇಕಂತ ಮಾಡ್ಯಾನೇನ?”

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಈ ಮಾತಿಗೆ. ಕೆಡಿಸಬೇಕೆಂದು ಮಾಡಿದ್ದರೆ ನ್ಯಾಯ ಸುಲಭವಿತ್ತು, ಜಗಳಾಡಿ ಗೆಲ್ಲಬಹುದಿತ್ತು. ಪ್ರೀತಿಯಿಂದ ಮಾಡಿದ್ದು ಎಂದೊಡನೆ ತಪ್ಪು ನನ್ನ ಕಡೆಗೇ ತಿರುಗುತ್ತದೆ. ಪ್ರೀತಿಯನ್ನು ಬೈಯುವವಳು ಎಂಥ ಹೆಂಗಸು? ಅತ್ತೆಗೆ ಹೇಳಿದೆ: “ಅತ್ತೀ, ಪ್ರೀತಿ ಇದ್ದಾವ್ರು ಕೇಳಿ ಮುಟ್ಟತಾರ.” ಅವರು ಒಳಗೆ ಹೋದರು. ಎರಡು ದಿನ ನಮ್ಮ ಮನೆಯಲ್ಲಿ ಪಾತ್ರೆಗಳು ಮಾತ್ರ ಸದ್ದು ಮಾಡಿದವು.

ಹೊಸ ಬ್ರಿಡ್ಜನ್ನು ಫೋನಿನಲ್ಲೇ ತರಿಸಿದೆ. ಬರಲು ಒಂದು ವಾರ ಹಿಡಿಯಿತು. ಆ ನಡುವಿನ ತಾಲೀಮಿಗೆ ಹೋಗಲಾಗಲಿಲ್ಲ. ಮಾಸ್ತರರು ಕಾರಣ ಕೇಳಲಿಲ್ಲ. ತಂಡದ ಗುಂಪಿಗೆ ಒಂದು ಸಂದೇಶ ಮಾತ್ರ ಬಂತು, ಬಬಲೇಶ್ವರದ ಮದುವೆಗೆ ಕೋರಸ್ಸಿನ ಮೂವರಿಗೂ ಹಸಿರು ಸೀರೆ ಎಂದು. ಕೋರಸ್ಸಿನಲ್ಲಿ ಇದ್ದವರು ಇಬ್ಬರು. ಮೂರನೆಯವಳು ಯಾರೆಂದು ಹೇಳಬೇಕಾಗಿರಲಿಲ್ಲ.

ಬ್ರಿಡ್ಜು ಬಂದಾಗ ಕೈಗೆ ಭಾರವೆನಿಸಿತು. ಹಳೆಯದು ಮಡಚಿದ ತಗಡು, ಇದು ಗಟ್ಟಿ ಹಿತ್ತಾಳೆ, ಮೇಲೆ ಬೆಳ್ಳಗಿನ ಲೇಪ. ಗಂಡ ಡಬ್ಬಿಯನ್ನು ದೂರದಿಂದಲೇ ನೋಡಿದರು. “ನಾ ಹಾಕಿಕೊಡ್ಲೇನ?” ಎಂದು ಕೇಳಿದರು. ಬ್ಯಾಡ ಎಂದೆ. “ಡ್ರಿಲ್ ಬೇಕಾಗ್ತದ” ಎಂದರು. ಡ್ರಿಲ್ ಕೊಡ್ರಿ, ನೀವು ಅಲ್ಲೇ ಕೂಡ್ರಿ ಎಂದೆ. ಅವರು ನಿಜವಾಗಿಯೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ನನಗೆ ನಗು ಬರುವುದರಲ್ಲಿತ್ತು. ಬರಗೊಡಲಿಲ್ಲ.

ವರ್ಕ್‌ಶಾಪಿನಲ್ಲೇ ಕೂತು ತಂತಿಗಳನ್ನು ಸಡಿಲಿಸಿ ಬಿಚ್ಚಿದೆ. ಹಳೆಯ ಬ್ರಿಡ್ಜಿನ ಐದು ಸ್ಕ್ರೂಗಳಲ್ಲಿ ಎರಡು ತಲೆ ಸವೆದು ತಿರುಗಲೊಲ್ಲವು. ಅವರಿಗೆ ತಡೆಯಲಾಗಲಿಲ್ಲ, “ಸ್ಕ್ರೂಡ್ರೈವರ್ ಮ್ಯಾಲೆ ಒಂದ ಪೆಟ್ಟ ಹಾಕು, ಆಮ್ಯಾಲೆ ತಿರುಗಸು” ಎಂದರು. ಹಾಕಿದೆ. ಬಂತು. ತಗಡು ಎತ್ತಿದರೆ ಅಡಿಯಲ್ಲಿ ಒಂದು ತೆಳು ತಂತಿಯ ತುದಿ, ಮರದ ತೂತಿನಿಂದ ಹೊರಗೆ ಇಣುಕಿತ್ತು.

“ಅದು ಅರ್ಥಿಂಗ್,” ಎಂದರು, ಪಂಪ್‌ಸೆಟ್ಟಿನ ಕೆಲಸ ಮಾಡಿದ ಕಣ್ಣು. “ಬ್ರಿಡ್ಜಿಗೆ ಮುಟ್ಟಿರಬೇಕು. ಇಲ್ಲಾಂದ್ರ ಗುಂಯ್ ಅಂತೈತಿ.”

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿತ್ತು ಎಂಬಂತೆ ತಲೆಯಾಡಿಸಿದೆ. ಇದನ್ನೂ ಬರೆಯಬೇಕು, ಯಾಕೆಂದರೆ ನಾನು ಅವರನ್ನು ಬೈದದ್ದನ್ನೆಲ್ಲ ಬರೆದಿದ್ದೇನೆ.

ಹೊಸದರ ತೂತುಗಳು ಹಳೆಯ ತೂತುಗಳಿಗೆ ಹೊಂದಲಿಲ್ಲ. ಹಳೆಯವಕ್ಕೆ ಬೇವಿನ ಕಡ್ಡಿ ಕೆತ್ತಿ, ಮರದ ಅಂಟು ಸವರಿ ತುಂಬಿದೆ. ಒಣಗಲು ಮರುದಿನದವರೆಗೆ ಬಿಟ್ಟೆ. ಮರುದಿನ ಬ್ರಿಡ್ಜನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ. ಒಂದು ನೂಲಿನಷ್ಟು ಪಕ್ಕಕ್ಕೆ ಸರಿದರೂ ಕೊನೆಯ ತಂತಿ ಹಲಗೆಯಿಂದ ಹೊರಗೆ ಬೀಳುತ್ತದೆ. ಅಳತೆಪಟ್ಟಿಯಿಂದ ಮೂರು ಸಲ ಅಳೆದೆ, ಮೂರು ಸಲವೂ ಬೇರೆ ಬೇರೆ ಬಂತು. ಅಳತೆಪಟ್ಟಿಯನ್ನು ಎಸೆದೆ. ಅವರು ಎದ್ದು, ತಾಳು ನೋಡುವ ದಾರವನ್ನು ನನ್ನ ಮುಂದಿಟ್ಟು ಹೋಗಿ ಮತ್ತೆ ಕೂತರು. ಬೇಸಿನ ತಲೆಯಿಂದ ಬಾಲದವರೆಗೆ ಎರಡೂ ಅಂಚಿನ ತಂತಿಯ ಜಾಗದಲ್ಲಿ ದಾರ ಎಳೆದು ಕಟ್ಟಿದೆ. ಬ್ರಿಡ್ಜಿನ ಜಾಗ ಕಣ್ಣಿಗೆ ಕಂಡಿತು.

ಡ್ರಿಲ್ಲಿನ ಮೊನೆಗೆ ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಟೇಪು ಸುತ್ತು ಎಂದರು, ಇಲ್ಲದಿದ್ದರೆ ಮರದ ಆಚೆ ಬರುತ್ತದೆ. ಸುತ್ತಿದೆ. ಮೊದಲ ತೂತಿಗೆ ಡ್ರಿಲ್ಲನ್ನು ಎರಡು ಸಲ ಇಟ್ಟು ಎರಡು ಸಲ ತೆಗೆದೆ. ನಾಲ್ಕು ವರ್ಷ ತೊಡೆಯ ಮೇಲಿಟ್ಟುಕೊಂಡ ಮರಕ್ಕೆ ಕಬ್ಬಿಣ ಇಳಿಸುವುದು ಸುಲಭವಲ್ಲ. ಐದೂ ತೂತು ಕೊರೆದೆ. ತೆಳು ತಂತಿಯನ್ನು ಅಡಿಗೆ ಸೇರಿಸಿ, ಸ್ಕ್ರೂ ಬಿಗಿದು, ಹೊಸ ತಂತಿ ಏರಿಸಿದೆ.

ಆಮೇಲೆ ಸ್ಯಾಡಲ್‌ಗಳ ಸರದಿ. ಫೋನಿನ ಶ್ರುತಿ ತೋರಿಸುವ ಆ್ಯಪ್ ತೆರೆದಿಟ್ಟು, ಬರೇ ತಂತಿ ಮೀಟುವುದು, ಹನ್ನೆರಡನೆಯ ಮನೆ ಒತ್ತಿ ಮೀಟುವುದು. ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಪ್ರತಿ ಸಲ ಸರಿಸಿದ ಮೇಲೆ ತಂತಿಯನ್ನು ಮತ್ತೆ ಶ್ರುತಿಗೆ ತರಬೇಕು. ಒಂದು ತಂತಿಗೆ ಹತ್ತು ಸಲವಾದರೂ ಆಯಿತು. ಮುಗಿದಾಗ ನಾಲ್ಕು ಸ್ಯಾಡಲ್‌ಗಳು ಮೆಟ್ಟಿಲ ಹಾಗೆ ಓರೆಯಾಗಿ ನಿಂತಿದ್ದವು, ದಪ್ಪದ್ದು ಎಲ್ಲಕ್ಕಿಂತ ಹಿಂದೆ. ಗಂಡ ಬಗ್ಗಿ ನೋಡಿದರು. ಅವರ ಕೈ ತಾನಾಗಿಯೇ ಅರ್ಧ ಮುಂದೆ ಬಂದು ನಿಂತಿತು.

“ಇಷ್ಟ ಸೊಟ್ಟ ಇರಬೇಕಾ?”

“ಕೇಳ್ರಿ,” ಎಂದೆ. ದಪ್ಪ ತಂತಿಯನ್ನು ಬರೇ ಮೀಟಿದೆ, ಆಮೇಲೆ ಒತ್ತಿ ಮೀಟಿದೆ. ಸಂಗೀತ ಗೊತ್ತಿಲ್ಲದ ಮನುಷ್ಯ, ಇನ್ನೊಮ್ಮೆ ಮೀಟು ಎಂದು ಕೈಸನ್ನೆ ಮಾಡಿದರು.

“ಮೊದಲ ಹಿಂಗ ಇರಲಿಲ್ಲಲ್ಲ,” ಎಂದರು. ಅವರ ದನಿ ಕುಸಿದಿತ್ತು. “ನಾಕ ವರ್ಷ ನೀ ಒಳಗ ಬಾರಸಾಕತ್ತಾಗ ನಾ ಇಲ್ಲೇ ಕೆಲಸಾ ಮಾಡ್ತಿದ್ನಿ. ಹಂಗ ಇರತೈತಿ ಅಂದ್ಕೊಂಡಿದ್ನಿ.”

ನನ್ನ ಸಿಟ್ಟಿಗೆ ಅಲ್ಲಿ ಜಾಗ ಸಿಗಲಿಲ್ಲ. ಆದರೆ ಹೋಗಲೂ ಇಲ್ಲ. ಚಹಾ ಮಾಡಿ ಅವರಿಗೂ ಒಂದು ಲೋಟ ಕೊಟ್ಟೆ, ಅಷ್ಟೇ.

ಬಬಲೇಶ್ವರದ ಮದುವೆಯ ದಿನ ಮಧ್ಯಾಹ್ನವೇ ಮಂಗಲ ಕಾರ್ಯಾಲಯಕ್ಕೆ ಹೋದೆವು. ಗಂಡ ಮೋಟರ್‌ಸೈಕಲ್ಲಿಗೆ ನನ್ನ ಸ್ಪೀಕರು ಕಟ್ಟಿಕೊಂಡು ಬಂದಿದ್ದರು. ನಾನು ಹಳದಿ ಸೀರೆ ಉಟ್ಟಿದ್ದೆ. ಮಾಸ್ತರರು ಸೀರೆ ನೋಡಿದರು, ಬೇಸಿನ ಚೀಲ ನೋಡಿದರು, ಮೈಕು ಸರಿಮಾಡುವ ನೆವದಲ್ಲಿ ಬೆನ್ನು ತಿರುಗಿಸಿದರು. ನಾನು ವೇದಿಕೆ ಏರಿ ಕೋರಸ್ಸಿನ ಮೈಕು ದಾಟಿ, ತಬಲಾದವರ ಪಕ್ಕ ನನ್ನ ಜಾಗದಲ್ಲಿ ನಿಂತು ವೈರು ಸಿಕ್ಕಿಸಿದೆ.

“ಕ್ಲಿಪ್ಪ ತರ್ರಿ ಮಾಸ್ತರ,” ಎಂದೆ.

ಅವರು ತಂದರು. ನಾನೇ ಸಿಕ್ಕಿಸಿಕೊಂಡೆ. ದಪ್ಪ ತಂತಿ ಬರೇ ಮೀಟಿದೆ, ಮುಳ್ಳು ನಡುಗೆರೆಗೆ ಬಂತು. ಹನ್ನೆರಡನೆಯ ಮನೆ ಒತ್ತಿ ಮೀಟಿದೆ, ಅಲ್ಲೇ ನಿಂತಿತು. ಎರಡನೆಯ ತಂತಿ, ಮೂರನೆಯದು, ನಾಲ್ಕನೆಯದು. ಅವತ್ತು ಅವರು ತಿರುಗಿಸಿದಂತೆ ಕ್ಲಿಪ್ಪನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದೆ.

ಮಾಸ್ತರರು ಬಗ್ಗಿ ನೋಡಿದರು. “ಬ್ರಿಡ್ಜ್ ಹೊಸಾದ ಹಾಕ್ಸೀರಲ್ಲ. ಛಲೋ ಆತು. ಯಜಮಾನ್ರು ಹಾಕಿಕೊಟ್ರೇನು? ಅವರ ಕೈ ಭಾಳ ನೀಟ ಐತಿ.”

ಗಂಡ ವೇದಿಕೆಯ ಕೆಳಗೆ ವೈರು ಸುತ್ತುತ್ತ ನಿಂತಿದ್ದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಊರಿನವರು, ಅವರ ಕೂರಿಗೆ ಕೊಂಡವರು, ಸುತ್ತ ಓಡಾಡುತ್ತಿದ್ದರು.

“ಕೆಡಸಿದಾಂವ ನಾನ್ರಿ,” ಎಂದರು. “ನಾಕ ವರ್ಷ ಕೆಡಸೀನಿ. ಹಾಕಿದಾಕಿ ಅಕಿ.”

“ಹೋಗ್ಲಿ ಬಿಡ್ರಿ, ಈಗ ಸರಿ ಆತಲ್ಲ,” ಎಂದು ಮಾಸ್ತರರು ಕೀಬೋರ್ಡಿನ ಕಡೆ ನಡೆದರು.

“ಹೋಗೂದಿಲ್ರಿ ಮಾಸ್ತರ,” ಎಂದೆ. “ಕಿವಿ ಕಚ್ಚಾ ಅಂದಿದ್ರಿ. ಎಲ್ಲಾರ ಮುಂದ ಅಂದಿದ್ರಿ.”

ಅವರು ಕೀಬೋರ್ಡಿನ ಬಟನ್ನುಗಳನ್ನು ನೋಡುತ್ತ, “ನಿಮ್ಮ ಕಿವಿ ಛಲೋ ಐತ್ರಿ” ಎಂದರು.

“ಕೋರಸ್ಸಿನವರಿಗೆ ಕೇಳಲಿಲ್ಲ.”

ತಬಲಾದವರು ನೆಲ ನೋಡಿದರು. ಹಸಿರು ಸೀರೆಯ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಮಾಸ್ತರರಿಗೆ ಅರವತ್ತು ದಾಟಿದೆ. ಅವರ ಕಿವಿಗಳು ಕೆಂಪಾದವು. ಮೈಕನ್ನು ಹತ್ತಿರ ಎಳೆದುಕೊಂಡು, ಪರೀಕ್ಷೆಗೆ ಒಂದು ಎರಡು ಮೂರು ಎನ್ನುವ ದನಿಯಲ್ಲೇ ಅಂದರು, “ಅಕ್ಕೋರ ಕಿವಿ ಛಲೋ ಐತಿ. ತಪ್ಪು ನಂದು.” ಕಾರ್ಯಾಲಯದ ಹಿಂದೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಹೆಂಗಸರು ಏನಾಯಿತೆಂದು ಬಾಗಿಲಿಗೆ ಬಂದು ನೋಡಿ ಹೋದರು.

ನಾನು ಗೆದ್ದಿದ್ದೆ. ಎದೆ ಹಗುರವಾಗುತ್ತದೆ ಎಂದು ಕಾದೆ, ಆಗಲಿಲ್ಲ. ನಾಲ್ಕು ವರ್ಷದ ಸಾರಿಗಳೆಲ್ಲ ಒಮ್ಮೆಲೇ ಮೇಲೆ ಬಂದವು. ಯಾರಿಗೆಲ್ಲ ಹೇಳಿದ್ದೆ, ಎಷ್ಟು ಸಲ, ಯಾವ ಹಾಡಿನ ನಡುವೆ. ಮಾಸ್ತರರು ಹೇಳಿದ್ದರು, ಗಂಡನ ಕೈ ಮಾಡಿತ್ತು. ಆದರೆ ನನ್ನ ಕಿವಿ ದಿನವೂ ನನಗೆ ನಿಜ ಹೇಳುತ್ತಿದ್ದಾಗ ಅದನ್ನು ನಂಬದೆ ಇದ್ದವಳು ನಾನೇ. ಈ ಸಿಟ್ಟಿಗೆ ಯಾರನ್ನು ಮೈಕಿನ ಮುಂದೆ ನಿಲ್ಲಿಸುವುದು?

ತಬಲಾದವರು ತಾಳ ಎತ್ತಿಕೊಟ್ಟರು. ಇನ್ನೂ ಸಾರಿಗಳನ್ನು ಎಣಿಸುತ್ತಲೇ ಮೊದಲ ಸುರಕ್ಕೆ ಬೆರಳು ಇಟ್ಟೆ, ಪಕ್ಕದ ಮನೆಗೆ ಬಿತ್ತು. ಕಿವಿಯಿದ್ದ ಯಾರಿಗಾದರೂ ಗೊತ್ತಾಗುವ ತಪ್ಪು. ಮಾಸ್ತರರು ಒಮ್ಮೆ ತಲೆ ಎತ್ತಿ, ಮತ್ತೆ ಕೀಬೋರ್ಡು ನೋಡಿದರು.

ಸಾರಿ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ನಾಲ್ಕು ವರ್ಷಗಳಲ್ಲಿ ಮೊದಲ ಸಲ, ಈ ತಪ್ಪು ನನ್ನದೇ ಎಂದು ನನಗೆ ಖಾತ್ರಿ ಇತ್ತು. ಬೆರಳನ್ನು ಒಂದು ಮನೆ ಹಿಂದಕ್ಕೆ ಸರಿಸಿ ಹಾಡನ್ನು ಹಿಡಿದೆ.